ಗೂಡಿಗೆ ಕಟ್ಟಿದ ಗೋಣಿಚೀಲ

ಹಣಕೋಣದ ನನ್ನ ಅಪ್ಪನಿಗೆ,

ಅಪ್ಪಾ, ನೀನು ಅಜ್ಜನಾಗುತ್ತಿದ್ದೀ, ನನಗೀಗ ಮೂರು ತಿಂಗಳು. ಅಮ್ಮ ಇಲ್ಲವಲ್ಲ, ಮೊದಲು ನಿನಗೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನ ಅಳಿಯ ರೂಪೇಶ ಅರ್ಧ ಅಂಕೋಲೆಗೆ ಪೇಡೆ ಹಂಚಿ ಬಂದಿದ್ದ.

ಎಷ್ಟು ಒಳ್ಳೆಯವರಪ್ಪಾ ಇವರೆಲ್ಲ. ಅತ್ತೆ ಕೂತಲ್ಲಿಗೇ ತಟ್ಟೆ ತಂದುಕೊಡುತ್ತಾರೆ. ದಿನವೂ ಯಾರಾದರೂ ನೋಡಲು ಬಂದು ಗಲ್ಲ ಹಿಡಿಯುತ್ತಾರೆ, ಹೊಟ್ಟೆಯ ಮೇಲೆ ಕೈಯಿಡುತ್ತಾರೆ. "ಖುಷಿ ಆಯ್ತನೇ?" ಎಂದು ಕೇಳುತ್ತಾರೆ. ತುಂಬಾ, ಎನ್ನುತ್ತೇನೆ. ಅದು ಸುಳ್ಳೆಂದೂ ಅನ್ನಿಸುವುದಿಲ್ಲ, ನಿಜವೆಂದೂ ಅನ್ನಿಸುವುದಿಲ್ಲ. ತಲೆಯಡಿ ಇಟ್ಟು ಮಲಗಿದ ಕೈಯಂತೆ ಒಳಗೆಲ್ಲ ಜೋಮು ಹಿಡಿದಿದೆ. ಮಗುವಿನ ಬಗ್ಗೆ ಏನೂ ಅನ್ನಿಸುತ್ತಿಲ್ಲ. ಇದನ್ನು ಫೋನಿನಲ್ಲಿ ಹೇಳಲಾರೆ. ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ನಿನ್ನೆ ನಿನ್ನ ಅಮೆರಿಕದವ ನೆನಪಾದ. ತುಪ್ಪಳದ ಪ್ರಾಣಿ ಸಾಕಿ ಲಾಭ ಮಾಡಿ ಎಂದು ನೂರು ವರ್ಷದ ಹಿಂದೆ ಪುಸ್ತಕ ಬರೆದವ. ಕಾರವಾರದ ರದ್ದಿ ಅಂಗಡಿಯಿಂದ ನೀನು ಆ ಪುಸ್ತಕ ತಂದೆ, ಶಾಲೆಯಿಂದ ಬಂದು ನಾನು ಅದನ್ನು ನಿನಗೆ ಕನ್ನಡದಲ್ಲಿ ಹೇಳಿದೆ, ನೀನು ಮೊಲ ಸಾಕಿದೆ. ಹಿಮ ಬಿದ್ದ ಮೇಲೆ ತುಪ್ಪಳ ದಟ್ಟವಾಗುತ್ತದೆ ಎಂಬಲ್ಲಿಗೆ ಬಂದಾಗ ನೀನು ಬೆವರು ಒರೆಸಿಕೊಂಡು, "ಹಿಮ ತರೂಕೆ ಎಲ್ಲಿಗೆ ಹೋಗೂದೇ ಮಗಾ" ಎಂದು ನಕ್ಕಿದ್ದೆ. ಒಂದು ಟೊಪ್ಪಿಗಾಗುವಷ್ಟು ತುಪ್ಪಳವೂ ಸಿಗಲಿಲ್ಲ. ಆದರೆ ಅವನ ಒಂದು ಮಾತನ್ನು ನೀನು ಬಿಡಲಿಲ್ಲ: ಮರಿ ಹಾಕುವ ತಾಯಿಯನ್ನು ಯಾರೂ ಇಣುಕಿ ನೋಡಬಾರದು. ಗೂಡಿಗೆ ಗೋಣಿಚೀಲ ಕಟ್ಟಿ ಅಂಗಳದಲ್ಲಿ ಕಾವಲು ಕೂರುತ್ತಿದ್ದೆ.

ನೀನಿಲ್ಲದ ದಿನ ನೀಲಾ ಚಿಕ್ಕಮ್ಮ ನೆಂಟರನ್ನು ಕರೆತಂದು ಚೀಲ ಎತ್ತಿ ತೋರಿಸಿದಳು. ಎಲ್ಲರೂ ಪ್ರೀತಿಯಿಂದಲೇ ನೋಡಿದರು. ಬೆಳಿಗ್ಗೆ ನೋಡಿದರೆ ಬಿಳಿ ಮೊಲ ತನ್ನ ಮರಿಗಳನ್ನು ತಾನೇ ಕೊಂದಿತ್ತು. ಅದು ಕೆಟ್ಟ ತಾಯಿ ಎಂದು ನಾನು ಅತ್ತಿದ್ದೆ. "ಕೆಟ್ಟದ್ದಲ್ಲ ಮಗಾ, ಹೆದರ್ಕಂಡದೆ. ಅದ್ರ ಪಾಡಿಗೆ ಬಿಡ್ಬೇಕಾಗಿತ್ತು" ಅಂದಿದ್ದೆ ನೀನು. ಮುಂದಿನ ಸಲ ಚಿಕ್ಕಮ್ಮನನ್ನೂ ಹತ್ತಿರ ಬಿಡಲಿಲ್ಲ. ಅದೇ ಮೊಲ ತನ್ನ ಎದೆಯ ತುಪ್ಪಳ ಕಿತ್ತು ಮರಿಗಳಿಗೆ ಹಾಸಿತ್ತು.

ಅಪ್ಪನ ಹತ್ತಿರ ಹೋಗುತ್ತೇನೆ ಎಂದೆ. ಏಳನೇ ತಿಂಗಳಿಗೆ ಮುಂಚೆ ತವರಿಗೆ ಯಾಕೆ ಎಂದು ಅತ್ತೆ ಬೇಸರ ಮಾಡಿಕೊಂಡರು. ರೂಪೇಶ ನನ್ನ ಮುಖ ನೋಡಿ, "ಹೋಗ್ಬಾ" ಅಂದ. ಅಪ್ಪಾ, ಸ್ವಲ್ಪ ದಿನ ನನ್ನನ್ನು ಏನೂ ಕೇಳಬೇಡ. ನೋಡಲು ಬಂದವರಿಗೆ ಮಲಗಿದ್ದಾಳೆ ಅನ್ನು. ಆ ಚೀಲ ಇನ್ನೂ ಇದ್ದರೆ ನನ್ನ ಕೋಣೆಯ ಕಿಟಕಿಗೆ ಕಟ್ಟು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಕಾಗದದ ಫೋಟೋ ತೆಗೆದು ಈಗಲೇ ನಿನ್ನ ಫೋನಿಗೆ ಕಳಿಸುತ್ತೇನೆ. ಬಿಸಿಲಲ್ಲಿ ಕಾರವಾರ ಸ್ಟೇಷನ್ನಿಗೆ ಬರಬೇಡ, ಬಸ್ಸು ಹಿಡಿದು ಬರುತ್ತೇನೆ.

ನಿನ್ನ ಪ್ರಗತಿ,
ಗುರುವಾರ, ಮಡಗಾಂವ ಪ್ಯಾಸೆಂಜರಿನಲ್ಲಿ.