ರಜೆಯ ಹಾಳೆಯ ಇಪ್ಪತ್ತಮೂರು ಗೀಟು

೧೨ ಎಪ್ರಿಲ್ ೧೯೩೬, ರವಿವಾರ

ತಾಯಂದಿರ ವರ್ಗ ಮುಗಿಸಿ ಬಂದೆ. ಗಂಟಲು ಬಿದ್ದುಹೋಗಿದೆ. ಶೀಲಗೃಹ ಎಂಬ ಈ ಬೋರ್ಡಿಂಗ್ ಶಾಲೆಗೆ ಹೊಲಿಗೆ ಕಲಿಸಲು ಸೇರಿದವಳು ನಾನು. ಈಗ ತಿಂಗಳಿಗೊಮ್ಮೆ ಬೋರ್ಡಿಂಗ್ ಹುಡುಗರ ತಾಯಂದಿರಿಗೂ ಪಾಠ. ಮಕ್ಕಳ ಶೀಲ ಮನೆಯಲ್ಲೇ ಕೆಡುತ್ತದಂತೆ, ಆದ್ದರಿಂದ ಮನೆಯನ್ನೂ ತಿದ್ದಬೇಕಂತೆ. ಸೂಪರಿಂಟೆಂಡೆಂಟರ ಮಾತು. ಹೆಸರು ಹರಿಶ್ಚಂದ್ರ ಮಾಸ್ತರರು. ಆ ಹೆಸರಿಗೊಂದು ದೊಡ್ಡ ನಮಸ್ಕಾರ.

ಪೇಟೆಯ ಹಬ್ಬುವಾಡದ ಹೆಂಗಸರು ಬೆಂಚಿನ ಮೇಲೆ, ಹಳ್ಳಿಯವರು ಚಾಪೆಯ ಮೇಲೆ. ನಾನು ಕೂರಿಸಿದ್ದಲ್ಲ, ಅವರೇ ಹಾಗೆ ಕೂತರು. ಎಬ್ಬಿಸಲಿಲ್ಲ ಎಂಬುದೂ ನಿಜ.

ಇವತ್ತಿನ ಹೊಸ ಕಾರ್ಯಕ್ರಮ — ರಜೆಯ ಶೀಲಪತ್ರಿಕೆ. ಮಡಚಿದ ಒಂದು ಹಾಳೆ. ಐವತ್ತು ದಿನದ ರಜೆಗೆ ಐವತ್ತು ಚೌಕ. ಹುಡುಗ ತಪ್ಪು ಮಾಡಿದ ದಿನ ಮನೆಯವರು ಒಂದು ಗೀಟು ಎಳೆಯಬೇಕು. ಮಾಡದ ದಿನ ಚೌಕ ಖಾಲಿ. ಕೊನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು.

ಚಾಪೆಯಿಂದ ಸುಕ್ರಿ ಎದ್ದು ನಿಂತಳು. ರಾಮನಗುಳಿಯವಳು. ಅವಳ ಮಗ ಬೀರಾ ನಮ್ಮಲ್ಲಿ ಫೀ ಇಲ್ಲದ ನಾದಾರಿ ಜಾಗದಲ್ಲಿದ್ದಾನೆ. ಇರುವುದೇ ಒಂದು ಜಾಗ. ಹುಡುಗ ತರಗತಿಗೆ ಮೊದಲಿಗ.

"ಅಕ್ಕೋರೆ, ನಮ್ಮನೇಲಿ ಪೆನ್ಸಿಲ್ ಇಲ್ಲ. ಎಂತದ್ರಲ್ಲಿ ಗೀಟ್ ಹಾಕೂದು?"

"ಇದ್ದಿಲಲ್ಲಿ ಹಾಕು."

"ಖರೇನೇ ಹಾಕ್ಬೇಕಾ?"

ಬೆಂಚಿನವರು ನಕ್ಕರು. ನನಗೆ ಸಿಟ್ಟು ಬಂತು. "ಖರೇನೇ ಹಾಕು ಸುಕ್ರಿ. ಖರೆ ಹೇಳಿದವರಿಗೆ ಏನೂ ಆಗೋದಿಲ್ಲ. ನಾನಿದ್ದೇನೆ" ಎಂದೆ. ದೊಡ್ಡ ಗಂಟಲಲ್ಲೇ ಹೇಳಿದೆ.

೨ ಮೇ, ಶನಿವಾರ

ಅಣ್ಣನ ಮಗ ರಾಮನಾಥ ಉಪ್ಪಿನಕಾಯಿ ಭರಣಿ ಒಡೆದ. ಅವನೂ ಬೋರ್ಡಿಂಗಿನ ಹುಡುಗನೇ, ರಜೆಗೆ ಮನೆಗೆ ಬಂದಿದ್ದಾನೆ. ಕಪಾಟು ಹತ್ತಿ ಒಡೆದದ್ದನ್ನು ಕಣ್ಣಾರೆ ಕಂಡೆ. ಕೇಳಿದರೆ, ಕೆಲಸದ ಗಂಗೂ ಒಡೆದಳು ಎಂದ. ಕಣ್ಣು ಮಿಟುಕಿಸದೆ!

ಗಂಗೂ ಅತ್ತಳು. ಅಣ್ಣನ ಹೆಂಡತಿ, ನಮ್ಮ ವೈನಿ, ಅವಳನ್ನು ಕೆಲಸದಿಂದಲೇ ಬಿಡಿಸಿದರು. ನಾನು ಕಂಡದ್ದನ್ನು ಹೇಳಿದೆ. ವೈನಿ ಹೇಳಿದ್ದು ಇಷ್ಟೇ — "ಇರೋ ಮನೇಲಿ ಸುಮ್ನೆ ಇರೋದು ಕಲೀ ರುಕ್ಮಿಣಿ."

ಸುಮ್ಮನಾದೆ. ಗಂಡ ಸತ್ತು ಅಣ್ಣನ ಮನೆ ಸೇರಿದವಳಿಗೆ ಬಾಯಿ ಇದ್ದೂ ಇಲ್ಲ. ರಾಮನಾಥನ ಹಾಳೆ ಟ್ರಂಕಿನ ಕೆಳಗೆ ಮಡಚಿದ ಹಾಗೇ ಬಿದ್ದಿದೆ.

೭ ಜೂನ್, ರವಿವಾರ. ಬೆಳಿಗ್ಗೆ

ನಾಳೆ ಶಾಲೆ ಸುರು. ವೈನಿ ಹಾಳೆ ತಂದು ಎದುರಿಗಿಟ್ಟರು. "ನಿಮ್ಮಣ್ಣಂಗೆ ಪುರಸೊತ್ತಿಲ್ಲ. ನೀನೇ ಒಂದು ಸಹಿ ಹಾಕು."

ಐವತ್ತು ಚೌಕ. ಐವತ್ತೂ ಖಾಲಿ.

ಹಾಕಿದೆ.

೮ ಜೂನ್, ಸೋಮವಾರ

ಮಳೆ ಹಿಡಿದಿದೆ. ಒಂದು ಬಿಟ್ಟು ಹಾಳೆಗಳೆಲ್ಲ ಬಂದವು. ಮೂವತ್ತೊಂದು ಹಾಳೆ, ಮೂವತ್ತೊಂದೂ ಹಾಲಿನಷ್ಟು ಬಿಳಿ. ನಾನು ಎಪ್ರಿಲಿನಲ್ಲಿ ಹಾಕಿದ ಮಡಿಕೆ ಇನ್ನೂ ಗರಿಗರಿ. ಬಿಚ್ಚಿಯೇ ಇಲ್ಲ, ಸಹಿಯಷ್ಟೇ ಮೇಲೆ. ಎಂತಹ ಮಕ್ಕಳಪ್ಪಾ! ಇವರನ್ನೆಲ್ಲ ಪೂಜೆ ಮಾಡಬೇಕು, ಶಾಲೆ ಯಾಕೆ?

ಮಧ್ಯಾಹ್ನ ಸುಕ್ರಿ ಬಂದಳು, ಕಂಬಳಿಕೊಪ್ಪೆ ಹೊದ್ದು, ಬೀರಾನ ಕೈ ಹಿಡಿದು. ಹಾಳೆಯನ್ನು ಬಾಳೆಲೆಯಲ್ಲಿ ಸುತ್ತಿ ಎದೆಯ ಹತ್ತಿರ ಇಟ್ಟುಕೊಂಡಿದ್ದಳು. ಬಿಚ್ಚಿದರೆ ಹೊಗೆಯ ವಾಸನೆ, ಎಣ್ಣೆಯ ಕಲೆ. ಇಪ್ಪತ್ತಮೂರು ಚೌಕದಲ್ಲಿ ಇದ್ದಿಲ ಗೀಟು.

ಮಗನನ್ನು ಒಳಗೆ ಕಳಿಸಿ, ಒಂದೊಂದು ಗೀಟಿಗೂ ಬೆರಳಿಟ್ಟು ಹೇಳಿದಳು. ಒಂದನ್ನೂ ಮರೆತಿರಲಿಲ್ಲ. ದೇವರಿಗೆ ಇಡುವ ಮೊದಲೇ ಮಾವಿನ ಹಣ್ಣು ತಿಂದ. ಎತ್ತಿಗೆ ನೀರು ಕುಡಿಸಿದೆ ಎಂದು ಸುಳ್ಳು ಹೇಳಿದ. ತಂಗಿಯ ಜಡೆ ಎಳೆದ. ನಾನು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತ ಹೋದೆ. ನಗು ಬರುತ್ತಿತ್ತು, ಹದಿನೇಳನೆಯದು ಬರುವ ತನಕ.

"ಅಂಕೋಲೆ ಸಂತಿಗೆ ಹೋಗಿದ್ವು. ಇಲ್ಲಿ ಸಾಲಿ ಹುಡುಗ್ರು ನಾಕ್ ಜನ ಕಂಡ್ರು. ಅಂವ ನನ್ ಕೈ ಬಿಟ್ಟು ಮುಂದೆ ಹೋಗ್ಬಿಟ್ಟ. ನಾ ಯಾರೋ ಅಂಬ ಹಂಗೆ." ಆ ಗೀಟಿನ ಮೇಲಿಂದ ಬೆರಳು ತೆಗೆಯಲಿಲ್ಲ. "ಸಂಜಿಗೆ ತುಳಸಿ ಮುಂದೆ ದೀಪ ಹಚ್ಚದ್ನಲೆ, ಇದ್ದಲ ಅಂವನೇ ತಂದ. 'ಅವ್ವಿ, ಇವತ್ ದೊಡ್ ಗೀಟ್ ಹಾಕು' ಅಂದ. ಅತ್ತ. ಇದ್ ನಿಮ್ಗೆ ಮಾತ್ರ ಹೇಳ್ದೆ ಅಕ್ಕೋರೆ."

ಅದನ್ನೂ ಬರೆದುಕೊಂಡೆ.

೧೦ ಜೂನ್, ಬುಧವಾರ

ಮೈಯೆಲ್ಲ ಉರಿಯುತ್ತಿದೆ.

ಹರಿಶ್ಚಂದ್ರ ಮಾಸ್ತರರು ಕರೆಸಿದರು. ಮೇಜಿನ ಮೇಲೆ ಸುಕ್ರಿಯ ಹಾಳೆ. ಎರಡು ಬೆರಳಲ್ಲಿ ಸತ್ತ ಹಲ್ಲಿಯ ಹಾಗೆ ಎತ್ತಿ ಹಿಡಿದರು.

"ಏನಿದು ರುಕ್ಮಿಣಿಬಾಯಿ? ಹತ್ತಕ್ಕಿಂತ ಹೆಚ್ಚು ಗೀಟು ಇದ್ದವನಿಗೆ ನಾದಾರಿ ಕೊಡಲಿಕ್ಕೆ ಬರುವುದಿಲ್ಲ. ನಿಯಮ."

"ಉಳಿದವರು ಬಿಚ್ಚಿಯೇ ನೋಡಿಲ್ಲ ಸರ್. ಇವಳೊಬ್ಬಳೇ ನಿಜ ಹೇಳಿದ್ದು."

"ಇರಬಹುದು. ಆದರೆ ಇಪ್ಪತ್ತೊಂದಕ್ಕೆ ಪಾಲಕರ ಸಮ್ಮೇಳನ. ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ. ಹಾಳೆ ಎಲ್ಲ ಗೋಡೆಗೆ ಹಚ್ಚಬೇಕು. ಇದನ್ನು ಹಚ್ಚಲಿಕ್ಕಾಗುತ್ತದೆಯೇ?" ಆಮೇಲೆ ಧ್ವನಿ ತಗ್ಗಿಸಿದರು. "ತಾಯಿ ಬೇರೆ ಹಾಳೆ ಕೊಡಲಿ. ಖಾಲಿಯದು. ಹುಡುಗನ ಜಾಗ ಉಳಿಯುತ್ತದೆ. ನಾವೇನು ಕಲ್ಲೇ?"

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಗೋಡೆಯ ಮೇಲೆ ಅವರ ಹಿಂದೆಯೇ ದಪ್ಪ ಅಕ್ಷರದಲ್ಲಿ ‘ಸತ್ಯವನ್ನೇ ಹೇಳು’. ಆ ಪಟಕ್ಕೆ ಕಸೂತಿ ಹಾಕಿದವಳು ನಾನೇ.

ಅವರು ಕೊಟ್ಟ ಖಾಲಿ ಹಾಳೆ ಚೀಲದಲ್ಲಿದೆ. ಮುಖದ ಮೇಲೆ ಎಸೆಯಬೇಕಿತ್ತು. ಎಸೆಯಲಿಲ್ಲ. ಜಾಗ ಹೋದರೆ ಬೀರಾ ನಾಳೆಯೇ ನೇಗಿಲ ಹಿಂದೆ.

೧೩ ಜೂನ್, ಶನಿವಾರ

ಬೆಳಗಿನ ಮೋಟಾರಿನಲ್ಲಿ ಅಂಕೋಲೆ, ಅಲ್ಲಿಂದ ಯಲ್ಲಾಪುರದ ಮೋಟಾರಿನಲ್ಲಿ ರಾಮನಗುಳಿ. ದಾರಿಯುದ್ದಕ್ಕೂ ಮಳೆ. ಸುಕ್ರಿ ಗದ್ದೆಯಿಂದ ಕೆಸರು ಕಾಲಲ್ಲೇ ಬಂದಳು. ಗಂಡ ಹುಲಿಯಾ ಎಳನೀರು ಕೆತ್ತಿ ಕೊಟ್ಟು ದೂರ ನಿಂತ.

ಹಾಳೆ ತೆಗೆದೆ. ಹೇಳಿದೆ. ಎಷ್ಟು ಮೆತ್ತಗೆ ಹೇಳಿದರೂ ಸುಳ್ಳು ಹೇಳು ಎಂದ ಹಾಗೆಯೇ ಕೇಳಿತು.

ಸುಕ್ರಿ ಹಾಳೆ ಮುಟ್ಟಲಿಲ್ಲ. "ಖರೆ ಹಾಕು ಅಂದವ್ರು ನೀವೇಯಲೆ?"

"ನಾನೇ."

"ಆ ದಿನ ಹೇಳದ್ ಸುಳ್ಳೋ, ಇವತ್ ಹೇಳೂದ್ ಸುಳ್ಳೋ?"

ಹುಡುಗನ ಓದು, ಜಾಗ, ಒಂದೇ ಒಂದು ಹೆಬ್ಬೆಟ್ಟು — ಏನೇನೋ ಬಡಬಡಿಸಿದೆ.

"ದೀಪದ ಮುಂದೆ ಹಾಕದ್ ಗೀಟು ಅದು ಅಕ್ಕೋರೆ. ದೀಪ ಕಂಡದ್ನ ಅಳಸೂಕಾತದಾ? ಇದ್ದಲ ತಂದ್ ಕೊಟ್ಟಂವ ಅಂವನೇ. ಈಗ ನಾ ಖಾಲಿ ಹಾಳಿಗೆ ಹೆಬ್ಬೆಟ್ ಒತ್ತದ್ರೆ ಅಂವ ನನ್ ಮೊಕ ಹ್ಯಾಂಗ್ ನೋಡ್ತ?"

ಹಾಳೆಯನ್ನು ಹಾಗೇ ವಾಪಸು ತಂದೆ. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಮಾಸ್ತರರ ಮೇಲೆ ಅಂತಲೇ ಇಟ್ಟುಕೊಳ್ಳುತ್ತೇನೆ.

೧೯ ಜೂನ್, ಶುಕ್ರವಾರ

ಬೀರಾನ ಟ್ರಂಕು ಕಟ್ಟಿಡಲು ಹೇಳಿದ್ದಾರೆ. ಸಮ್ಮೇಳನ ಮುಗಿದ ಮೇಲೆ ತಾಯಿಯ ಜೊತೆ ಕಳಿಸುವುದಂತೆ, ಊಟ ಹಾಕಿಸಿಯೇ. ಏನು ಔದಾರ್ಯ! ಗೋಡೆಯ ಮೇಲೆ ಮೂವತ್ತೊಂದು ಬಿಳಿ ಹಾಳೆ. ಸುಕ್ರಿಯದು ಡ್ರಾವರಿನಲ್ಲಿತ್ತು. ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ಪದಕ ಕೊಡುವಾಗ ನಿರ್ಮಲ ಹಾಳೆಯ ಹುಡುಗರ ಹೆಸರು ಕರೆಯುವ ಕೆಲಸ ನನಗಂತೆ. ಕರೆಯುತ್ತೇನೆ. ನೋಡುತ್ತಿರಿ.

೨೧ ಜೂನ್, ರವಿವಾರ. ಸಂಜೆ ೫

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಭೆಯ ಹಾಲ್ ತುಂಬಿತ್ತು. ಸಾಹೇಬರು ನಡುವಿನ ಕುರ್ಚಿಯಲ್ಲಿ. ಹಿಂದೆ ಬಾಗಿಲ ಹತ್ತಿರ ಚಾಪೆಯವರು, ಅಲ್ಲಿ ಸುಕ್ರಿ. ಹುಡುಗರ ಹೆಸರಿನ ಯಾದಿ ಕೈಗೆ ಕೊಟ್ಟರು. ಮೊದಲ ಹೆಸರೇ ನಮ್ಮ ರಾಮನಾಥ. ಯಾದಿಯನ್ನು ಮೇಜಿನ ಮೇಲಿಟ್ಟು ಸುಕ್ರಿಯ ಹಾಳೆ ತೆಗೆದೆ. "ಈ ಶಾಲೆಯಲ್ಲಿ ನಿಜ ಹೇಳಿದ ಮನೆ ಇದೊಂದೇ" ಎಂದೆ. ಓದಲು ಸುರುಮಾಡಿದೆ. ಹೆಸರು ಹೇಳಿ, ಊರು ಹೇಳಿ, ಗೀಟು ಒಂದು, ಗೀಟು ಎರಡು...

ಮಾಸ್ತರರು ಗಂಟೆ ಬಾರಿಸಿದರು. ನಿಲ್ಲಿಸಲಿಲ್ಲ. ಮಾವಿನ ಹಣ್ಣಿಗೆ ಸಾಹೇಬರು ನಕ್ಕರು. ಬೆಂಚಿನವರೂ ನಕ್ಕರು. ನನಗೆ ಹುರುಪು ಬಂತು. ಹೌದು, ಹುರುಪು. ಹದಿನೇಳನೆಯದನ್ನೂ ಓದಿದೆ. ಸಂತೆ, ಕೈ ಬಿಟ್ಟದ್ದು, ಅತ್ತದ್ದು, ಎಲ್ಲ. ಯಾರೂ ನಗಲಿಲ್ಲ. ಮೂರನೆಯ ಸಾಲಿನಲ್ಲಿ ಬೀರಾ ತಲೆಯನ್ನು ಮೊಣಕಾಲಿಗೆ ಒತ್ತಿ ಕೂತಿದ್ದ. ಕಂಡಿತು. ಕಂಡೂ ಇಪ್ಪತ್ತಮೂರರವರೆಗೆ ಓದಿದೆ.

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ತಾಯಿಯೇ ಈ ಶಾಲೆಯ ಗೆಲುವು ಎಂದರು. ಮಾಸ್ತರರು ಅರೆಗಳಿಗೆ ಬಾಯಿ ತೆರೆದವರು, ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಶೀಲಪತ್ರಿಕೆಯ ಉದ್ದೇಶವೇ ಇದು ಎಂದು ಭಾಷಣ ಮಾಡಿದರು! ಬೀರಾನ ನಾದಾರಿ ಮೆಟ್ರಿಕ್ಕಿನವರೆಗೆ ಖಾಯಂ ಎಂದು ಅಲ್ಲೇ ಸಾರಿದರು. ನನ್ನ ಕಿವಿಯಲ್ಲಿ — "ಮೊದಲೇ ಹೇಳಿದ್ದರೆ ಇನ್ನೂ ಚೆನ್ನಾಗಿ ಜೋಡಿಸಬಹುದಿತ್ತು."

ಗೆದ್ದೆ ಎಂದುಕೊಂಡೆ. ಸುಕ್ರಿಯನ್ನು ಹುಡುಕಿಕೊಂಡು ಹೊರಗೆ ಓಡಿದೆ. ಜಗಲಿಯಲ್ಲಿ ಬೀರಾನ ಟ್ರಂಕು ತಲೆಗೆ ಏರಿಸಿಕೊಂಡು ನಿಂತಿದ್ದಳು.

"ಜಾಗ ಸಿಕ್ತು ಸುಕ್ರಿ! ಖಾಯಂ!"

"ಅಂವ ಇಲ್ಲಿ ಕೂರೂದಿಲ್ಲ ಅಂತ. ಈಗ ಎಲ್ಲರ್ಗೂ ಗೊತ್ತಾಯ್ತಲೆ." ಕೈ ಚಾಚಿದಳು. "ಹಾಳಿ ಕೊಡಿ."

ಕೊಟ್ಟೆ.

"ನಿಮಗ್ ಮಾತ್ರ ಹೇಳದ್ದು ಅದು. ನಿಮ್ ಸಿಟ್ಟಿಗೆ ನನ್ ಮಗನ್ ಮರ್ಯಾದಿ ಯಾಕ್ ಕಳದ್ರಿ ಅಕ್ಕೋರೆ? ಓದ್ಲೇಬೇಕು ಅಂದ್ರೆ ನಿಮ್ಮನೆ ಹುಡುಗಂದ್ ಓದ್ಬೇಕಾಗಿತ್ತು. ಗ್ವಾಡಿ ಮೇಲೆ ನಿಮ್ಮ ಸಹಿ ಅದೆ ಅಂತ ಬೀರಾ ಓದಿ ಹೇಳ್ದ."

ಹೋದರು. ಮಳೆಯಲ್ಲೇ, ಮೋಟಾರು ನಿಲ್ಲುವ ಕಡೆ. ಬೀರಾ ತಾಯಿಯ ಕೈ ಹಿಡಿದುಕೊಂಡಿದ್ದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಇಡೀ ಸಭೆಯನ್ನು ಸುಳ್ಳರು ಎಂದೆ. ನಮ್ಮ ಮನೆಯ ಭರಣಿಯ ಮಾತು ಮಾತ್ರ ಬಾಯಿಗೆ ಬರಲಿಲ್ಲ.

೨೨ ಜೂನ್, ಸೋಮವಾರ. ಬೆಳಿಗ್ಗೆ ೭

ಸಮ್ಮೇಳನದ ಮರುದಿನ, ಶಾಲೆಗೆ ರಜೆ. ಮಾಸ್ತರರ ಚೀಟಿ ಬಂದಿದೆ. ಬೀರಾನನ್ನು ಹೇಗಾದರೂ ಕರೆತರಬೇಕಂತೆ, ಸಾಹೇಬರ ವರದಿಗೆ ಹುಡುಗ ಬೇಕಂತೆ. ವರದಿಗೆ! ಚೀಟಿ ಒಲೆಗೆ ಹಾಕಿದೆ.

ಎಂಟರ ಮೋಟಾರಿಗೆ ಹೋಗುತ್ತೇನೆ. ವರದಿಗಾಗಿ ಅಲ್ಲ. ಮೊದಲು ಗಂಗೂನ ಮನೆ, ಆಮೇಲೆ ರಾಮನಗುಳಿ. ಬರಿಗೈಯಲ್ಲಿ ಹೋಗುವ ಮುಖ ನನಗಿಲ್ಲ. ಆ ಖಾಲಿ ಹಾಳೆ ಚೀಲದಲ್ಲೇ ಇತ್ತು. ತೆಗೆದು ಮೇಲೆ ನನ್ನ ಹೆಸರು ಬರೆದೆ. ಒಲೆಯಿಂದ ಇದ್ದಿಲು ತಂದೆ. ತುಳಸಿಯ ಮುಂದೆ ದೀಪ ಹಚ್ಚಿಟ್ಟು ಕೂತಿದ್ದೇನೆ. ವೈನಿ ಹುಚ್ಚಿಯನ್ನು ನೋಡುವಂತೆ ನೋಡಿ ಒಳಗೆ ಹೋದರು.

ರಾಮನಾಥ ಬಂದು ಕೂತ. ಕೊರಳಲ್ಲಿ ನಿನ್ನೆಯ ಪದಕ, ನಾನು ಹೊರಗೆ ಓಡಿದ ಮೇಲೆ ಮಾಸ್ತರರೇ ಹಂಚಿದ್ದು.

"ಎಂತ ಬರೀತಿ ಅತ್ತೆ?"

"ನನ್ನ ತಪ್ಪು."

ದೀಪ ನೋಡಿದ. "ಭರಣಿದು ಬರೀತಿಯಾ?"

"ಅದು ನಿನ್ನದು. ನಿನ್ನ ಹಾಳೆಯಲ್ಲಿ ನೀನು ಹಾಕು."

"ನನ್ನ ಹಾಳೆ ಗೋಡೆ ಮೇಲೆ ಅದೆ. ಖಾಲಿ ಇದ್ದದ್ದಕ್ಕೇ ನೀನೇ ಸಹಿ ಹಾಕಿದ್ದಿಯಲ್ಲ?"

ಹುಡುಗ ಎದ್ದು ಹೋಗಲಿಲ್ಲ. ಕೈ ಚಾಚಿ ಕೂತಿದ್ದಾನೆ. ಇದ್ದಿಲು ಒಂದೇ ತುಂಡು ಇದೆ. ಎರಡು ಮಾಡಿ ಅವನಿಗೊಂದು ಕೊಟ್ಟೆ.

ಮೊದಲ ಚೌಕ — ೭ ಜೂನ್, ರವಿವಾರ, ಬೆಳಿಗ್ಗೆ. ನಾನು, ರುಕ್ಮಿಣಿ, ಭರಣಿ ಒಡೆದದ್ದು ಕಂಡಿದ್ದೂ ಖಾಲಿ ಹಾಳೆಗೆ ಸಹಿ ಹಾಕಿದೆ.