ಶನಿವಾರ ಹನ್ನೊಂದಕ್ಕೆ ಎಲ್ಲರೂ ಸ್ಮಶಾನದಲ್ಲಿ

ಮಾರ್ಚ್ 13, ಶುಕ್ರವಾರ

ಗೋಧಿ ಬೇಯಿಸಿ ಬಟ್ಟೆಯ ಮೇಲೆ ಹರಡಿದ್ದೇನೆ. ಆರಬೇಕು. ಬೆಳಿಗ್ಗೆ ಸಕ್ಕರೆ, ವಾಲ್‌ನಟ್ ಕಲಸಿದರಾಯಿತು. ನನ್ನ ಗಂಡ ದೆಚ್ಕೋ ತೀರಿಕೊಂಡು ನಾಳೆಗೆ ನಲವತ್ತನೇ ದಿನ.

ನಲವತ್ತಕ್ಕೆ ಕರೆಯುವ ಚೀಟಿಗಳನ್ನೂ ಅಂಟಿಸಿ ಬಂದೆ. ಕಟ್ಟಡದ ಬಾಗಿಲಿಗೊಂದು, ಬಸ್ ಸ್ಟಾಪಿಗೊಂದು, ಬೇಕರಿ ಎದುರಿನ ಮರಕ್ಕೊಂದು, ನಮ್ಮ ಫ್ಲಾಟಿನ ಬಾಗಿಲಿಗೊಂದು. ಫೋಟೋದಲ್ಲಿ ಟೈ ಕಟ್ಟಿದ್ದಾನೆ. ಬದುಕಿದ್ದಾಗ ಟೈ ಕಂಡರೆ ಆಗುತ್ತಿರಲಿಲ್ಲ ಮಹಾರಾಯನಿಗೆ. ಕೆಳಗೆ ದಪ್ಪ ಅಕ್ಷರದಲ್ಲಿ: ಶನಿವಾರ ಹನ್ನೊಂದು ಗಂಟೆಗೆ ಸಮಾಧಿಯ ಹತ್ತಿರ ಸೇರೋಣ.

ಮಾರ್ಚ್ 14, ಸಂಜೆ

ಬರೆಯಲು ಕೂತಿದ್ದೇನೆ. ದುಃಖಕ್ಕಲ್ಲ, ಸಿಟ್ಟಿಗೆ.

ಪಾದ್ರಿ ಸಮಾಧಿಗೆ ವೈನ್ ಸುರಿದ, ನಾನು ಬಂದವರಿಗೆಲ್ಲ ಲೋಟದಲ್ಲಿ ಗೋಧಿ ಹಂಚಿದೆ. ಮನೆಗೆ ಬಂದರೆ ಬಾಗಿಲ ಬೀಗ ಇರುವಲ್ಲಿ ತೂತು. ಡ್ರಿಲ್ ಹಾಕಿ ಕೊರೆದಿದ್ದಾರೆ. ಟಿವಿ ಇಲ್ಲ. ಚಳಿಗಾಲದ ಕೋಟು ಇಲ್ಲ. ದೆಚ್ಕೋನ ಡ್ರಿಲ್ಲೂ ಇಲ್ಲ — ಈ ಕಟ್ಟಡದಲ್ಲಿ ಯಾರ ಮನೆಯ ಶೆಲ್ಫ್ ನೋಡಿದರೂ ಅದರಲ್ಲೇ ಕೊರೆದು ಕೂರಿಸಿದ್ದು. ಬಾಗಿಲ ಮೇಲಿನ ಚೀಟಿ ಮಾತ್ರ ಹಾಗೇ ಇದೆ. ಅದರೊಳಗೆ ಅವನು ಟೈ ಕಟ್ಟಿಕೊಂಡು ಎಲ್ಲ ನೋಡುತ್ತಿದ್ದ.

ಯಾವಾಗ ಮನೆಯಲ್ಲಿ ಇರುವುದಿಲ್ಲ ಎಂದು ಊರಿಗೆಲ್ಲ ಬರೆದು ಅಂಟಿಸಿದ್ದು ನಾವೇ. ಎಲ್ಲರೂ ಹಾಗೇ ಮಾಡುತ್ತೇವೆ. ಸತ್ತವರ ಮರ್ಯಾದೆಗೆ.

ಮಾರ್ಚ್ 15

ಬೋಗೊಮಿಲ್ ಬಂದಿದ್ದ. ಎದುರು ಫ್ಲಾಟಿನವನು, ಕಟ್ಟಡದ ಉಸ್ತುವಾರಿಯೂ ಅವನದೇ. ಸೊಂಟ ನೋವೆಂದು ನಿನ್ನೆ ಸ್ಮಶಾನಕ್ಕೆ ಬಂದಿರಲಿಲ್ಲ. ಮನೆಯಲ್ಲೇ ಇದ್ದ.

"ಏನೂ ಕೇಳಿಸ್ಲಿಲ್ವಾ?" ಅಂದೆ.

"ಕೇಳಿಸ್ತು. ಡ್ರಿಲ್ ಸದ್ದು. ದೆಚ್ಕೋ ಏನೋ ಕೊರೀತಿದಾನೆ ಅಂದ್ಕೊಂಡೆ."

"ಬೋಗೊಮಿಲ್, ನಿನ್ನೆ ಅವನ ನಲವತ್ತು."

"ಅಭ್ಯಾಸ, ವೆನೇತಾ. ಎಷ್ಟೋ ವರ್ಷದಿಂದ ಶನಿವಾರ ಆದ್ರೆ ಆ ಸದ್ದು. ಅಮ್ಮನೂ ಹಾಗೇ ಅಂದ್ಲು, ಶುರುವಾಯ್ತು ನೋಡು ಅಂತ."

ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅವನು ಹೋದ ಮೇಲೆ ಅತ್ತೆ.

ಮಾರ್ಚ್ 17

ಠಾಣೆ. ಆಫೀಸರ್ ಬಾಯಲ್ಲಿ ಸೂರ್ಯಕಾಂತಿ ಬೀಜ. ದೂರು ಬರೆದುಕೊಳ್ಳಲು ಮೈ ಬಗ್ಗದು. "ಸಿಗಲ್ಲಮ್ಮ. ಸುಮ್ನೆ ಯಾಕೆ ಅಲೀತೀರಿ? ನಿಮ್ಮ ಬಡಾವಣೇಲಿ ಈ ವರ್ಷ ಕಳ್ಳತನ ಎಷ್ಟು ಕಡಿಮೆ ಆಗಿದೆ ಗೊತ್ತಾ?" ಗೋಡೆಯ ಮೇಲೆ ಅದರದೊಂದು ನಕ್ಷೆಯೂ ಇದೆ, ಗೆರೆ ಇಳಿಯುತ್ತ ಹೋಗಿದೆ.

"ಬರ್ಕೊಳ್ದೆ ಇದ್ರೆ ಕಡಿಮೆ ಆಗ್ದೆ ಏನಾಗುತ್ತೆ?" ಅಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇವರ ಕಾನೂನು. ಬರೆದುಕೊಳ್ಳುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಟ್ರಾಲಿ ಬಸ್ ಓಡಿಸಿದವಳು ನಾನು, ಕೂರುವುದು ಗೊತ್ತು.

ಮಾರ್ಚ್ 29

ಮೆಟ್ಟಿಲ ಬುಡದಲ್ಲಿ ಮೀಟಿಂಗ್. ಕ್ಯಾಮೆರಾ ಹಾಕಿಸುತ್ತಾರಂತೆ — ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು. ಆಮೇಲೆ ಬೋಗೊಮಿಲ್ ಒಂದು ಹಾಳೆ ತೆಗೆದ. ನೆಲಮಹಡಿಯ ಬಾಡಿಗೆಯವರನ್ನು ಬಿಡಿಸಬೇಕು, ಎಲ್ಲರೂ ಸಹಿ ಹಾಕಿ ಎಂದ. ಆಸೆನ್, ಅವನ ಹೆಂಡತಿ ಸೆವ್ದಾ, ಒಂದು ಮಗು. ರೋಮಾ ಜನ, ಹೀಯಾಳಿಸುವವರ ಬಾಯಲ್ಲಿ ಜಿಪ್ಸಿಗಳು. ಆಸೆನ್ ನಗರಸಭೆಗೆ ಮರ ಕತ್ತರಿಸುತ್ತಾನೆ.

"ಜಿಪ್ಸಿಗಳು ಬಂದ್ಮೇಲೇ ಇದೆಲ್ಲ" ಅಂದ ಬೋಗೊಮಿಲ್.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೈ ಉರಿದುಹೋಯಿತು.

"ಅವತ್ತು ಹನ್ನೊಂದು ಗಂಟೆಗೆ ಆಸೆನ್ ನನ್ನ ಪಕ್ಕ ನಿಂತಿದ್ದ. ಗೋಧಿ ತಟ್ಟೆ ಹೊತ್ತವನೇ ಅವನು. ಕಟ್ಟಡದಲ್ಲಿ ಇದ್ದವರು ಯಾರು ಅಂತ ಕೇಳೋದಾದ್ರೆ, ನೀವು ಇದ್ರಿ."

ಎಲ್ಲರೂ ಕೆಮ್ಮಿದರು. ಆಮೇಲೆ ಸಹಿ ಹಾಕಿದರು. ನಾನೊಬ್ಬಳು ಹಾಕಲಿಲ್ಲ. ಆಸೆನ್ ಅಲ್ಲೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದ, ಮಗುವನ್ನು ಎತ್ತಿಕೊಂಡು.

ಏಪ್ರಿಲ್ 21

ಬೋಗೊಮಿಲ್‌ನ ತಾಯಿ ರೈನಾ ತೀರಿಕೊಂಡಳು. ಒಳ್ಳೆಯ ಹೆಂಗಸು. ಬ್ರೆಡ್ ಮಾಡಿ ಕೊಟ್ಟು ಬಂದೆ. ಸಿಟ್ಟು ಸಿಟ್ಟಿನ ಜಾಗದಲ್ಲಿ.

ಆಸೆನ್‌ಗೆ ಮನೆ ಮಾಲೀಕ ಹೇಳಿಬಿಟ್ಟಿದ್ದಾನಂತೆ — ಜೂನ್ ಹುಟ್ಟುವುದರೊಳಗೆ ಖಾಲಿ ಮಾಡಬೇಕು. ಬೇರೆ ಎಲ್ಲೂ ಇವರಿಗೆ ಮನೆ ಕೊಡುವುದಿಲ್ಲ. ಫೋನಿನಲ್ಲಿ ಹೂಂ ಅನ್ನುತ್ತಾರೆ, ಮುಖ ನೋಡಿದ ಮೇಲೆ ಈಗಷ್ಟೇ ಹೋಯಿತು ಅನ್ನುತ್ತಾರೆ.

ಮೇ 28

ರೈನಾಳ ನಲವತ್ತರ ಚೀಟಿ ಅಂಟಿಸಿದ್ದಾರೆ. ಶನಿವಾರ ಹನ್ನೊಂದು ಗಂಟೆಗೆ! ಇಷ್ಟಾದ ಮೇಲೂ. ಕ್ಯಾಮೆರಾ ಇನ್ನೂ ಬಂದಿಲ್ಲ. ಹೋಗಿ ಬೋಗೊಮಿಲ್‌ನ ಬಾಗಿಲು ಬಡಿದೆ.

"ಗಂಟೆ ಅಳಿಸಿ. ಫೋನ್ ಮಾಡಿ ಹೇಳಿದ್ರಾಯ್ತು ಜನಕ್ಕೆ."

"ಅಮ್ಮನ ನಲವತ್ತನ್ನ ಕದ್ದುಮುಚ್ಚಿ ಮಾಡ್ಲಾ? ಅದೂ ಅಲ್ದೆ ಕಳ್ಳ ಇರೋದು ಕೆಳಗೆ. ಅವನಿಗೆ ಓದೋಕೇ ಬರಲ್ಲ."

"ಓದೋಕೆ ಬರದೋನು ನನ್ನ ಚೀಟಿ ಹೇಗೆ ಓದಿದ?"

ಬಾಗಿಲು ಹಾಕಿಕೊಂಡ.

ಮೇ 29

ಆಸೆನ್ ಮಂಚ ಬಿಚ್ಚುತ್ತಿದ್ದ. ನನ್ನ ಯೋಚನೆ ಹೇಳಿದೆ: ನಾಳೆ ಎಲ್ಲರೂ ಹೋದ ಮೇಲೆ ನಾವಿಬ್ಬರೂ ಇಲ್ಲೇ ಕಾಯೋಣ. ಕಳ್ಳ ಸಿಕ್ಕರೆ ನಿನ್ನಿಂದ ಯಾರೂ ಮನೆ ಬಿಡಿಸಲಾರರು.

ತಲೆ ಎತ್ತದೆ ಹೇಳಿದ, "ಚಿಕ್ಕಮ್ಮ, ಅವರ ಬಾಗ್ಲ ಹತ್ರ ನಾನು ನಿಂತಿದ್ರೆ ಯಾಕೆ ನಿಂತಿದ್ದೆ ಅಂತ ಯಾರೂ ಕೇಳಲ್ಲ. ಮೊದ್ಲು ಹೊಡೀತಾರೆ."

ಸೆವ್ದಾ ಕಾಫಿ ಕೊಟ್ಟಳು. ಕಪ್ಪುಗಳನ್ನೂ ಆಗಲೇ ಪೇಪರಿನಲ್ಲಿ ಸುತ್ತಿಟ್ಟಿದ್ದಳು, ನನಗಾಗಿ ಒಂದನ್ನು ಬಿಚ್ಚಿದಳು.

ಮೇ 30, ಶನಿವಾರ

ಅವಸರದಲ್ಲಿ ಬರೆಯುತ್ತಿದ್ದೇನೆ. ಸೆವ್ದಾ ಮಗುವಿಗೆ ಬೂಟು ಹಾಕುತ್ತಿದ್ದಾಳೆ. ಅವಳು ಬಂದ ಕೂಡಲೇ ಹೊರಡಬೇಕು.

ಸ್ಮಶಾನಕ್ಕೆ ಹೋಗಲಿಲ್ಲ. ರೈನಾ ಕ್ಷಮಿಸಲಿ. ಬಾಗಿಲು ಒಂಚೂರು ತೆರೆದಿಟ್ಟು ಬಟಾಣಿ ಬಿಡಿಸುತ್ತ ಕೂತೆ. ಲಿಫ್ಟ್ ಬಂತು. ಒಬ್ಬ ಹುಡುಗ, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಚೀಲ. ಹಿಂದೆ ಮುಂದೆ ನೋಡದೆ ಬೋಗೊಮಿಲ್‌ನ ಬೀಗಕ್ಕೆ ಡ್ರಿಲ್ ಹಿಡಿದ. ದೆಚ್ಕೋನ ಶನಿವಾರಗಳ ಅದೇ ಸದ್ದು.

"ಯಾರೋ ನೀನು?" ಅಂದೆ.

ತಿರುಗಿದ. "ಅಜ್ಜಿ, ಎಲ್ರೂ ಸ್ಮಶಾನಕ್ಕೆ ಹೋಗಿಲ್ವಾ?" ತಪ್ಪು ನನ್ನದೇ ಎಂಬ ಹಾಗೆ.

ಕಟ್ಟಡ ಬಿರಿಯುವ ಹಾಗೆ ಕೂಗಿದೆ. ಡ್ರಿಲ್ಲನ್ನು ಬೀಗದಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದ. ಕೆಳಗೆ ಆಸೆನ್ — ನಿಲ್ಲುವುದಿಲ್ಲ ಎಂದಿದ್ದವನು — ದೊಡ್ಡ ಬಾಗಿಲು ಮುಚ್ಚಿ ಬೆನ್ನು ಕೊಟ್ಟು ನಿಂತಿದ್ದ. ಹುಡುಗನನ್ನು ನೆಲಕ್ಕೆ ಒತ್ತಿ ಹಿಡಿದ. ಪೊಲೀಸರಿಗೆ ಫೋನ್ ಮಾಡಿದ್ದೂ ಅವನೇ.

ಪೊಲೀಸರು ಬಂದವರೇ ಕೋಳ ಹಾಕಿದ್ದು ಆಸೆನ್‌ಗೆ.

ಮೇಲೆ ಬೀಗದಲ್ಲಿ ಡ್ರಿಲ್ ಇದೆ ನೋಡಿ ಎಂದು ನಾನು ಪಕ್ಕದಲ್ಲೇ ನಿಂತು ಅರಚುತ್ತಿದ್ದೇನೆ, ಯಾರು ಕೇಳಬೇಕು? ಶರ್ಟಿನವನು ಕೂದಲು ಸರಿಮಾಡಿಕೊಂಡು, ಇವನು ನನ್ನನ್ನು ದೋಚಲು ಬಂದ ಅಂದ. ಅವನನ್ನು ಕೋಳವಿಲ್ಲದೆ ಮುಂದಿನ ಸೀಟಿಗೆ ಕೂರಿಸಿಕೊಂಡರು. ಆಸೆನ್‌ನನ್ನು ಕುತ್ತಿಗೆ ಬಗ್ಗಿಸಿ ಹಿಂದೆ ತುರುಕಿದರು. "ಸೋಮವಾರ ಬನ್ನಿ ಅಜ್ಜಿ, ಹೇಳಿಕೆ ತಗೋತೀವಿ." ಸೋಮವಾರಕ್ಕೆ ಅವನ ಮೈಯಲ್ಲಿ ಮೂಳೆ ಉಳಿದಿರಬೇಕಲ್ಲ!

ಅಷ್ಟರಲ್ಲಿ ಬೋಗೊಮಿಲ್ ಸ್ಮಶಾನದಿಂದ ಬಂದ. ಕಾರು ಹೋಗುವುದನ್ನು ನೋಡಿ, "ನಾನು ಅವತ್ತೇ ಹೇಳಿದ್ದೆ" ಅಂದ.

ತೋಳು ಹಿಡಿದು ಮೇಲಕ್ಕೆ ಎಳೆದುಕೊಂಡು ಬಂದೆ. ಅವನ ಬೀಗ ತೋರಿಸಿದೆ, ಅದರಲ್ಲಿ ನೆಟ್ಟ ಡ್ರಿಲ್ ತೋರಿಸಿದೆ, ನಡೆದದ್ದೆಲ್ಲ ಹೇಳಿದೆ. ಮುಖ ಸುಣ್ಣವಾಯಿತು. ಆಗಿನಿಂದ ನನ್ನ ಬಾಗಿಲಲ್ಲೇ ನಿಂತಿದ್ದಾನೆ, ಟೋಪಿ ಕೈಯಲ್ಲಿ ಹಿಡಿದು. ತಾನೂ ಠಾಣೆಗೆ ಬರುತ್ತಾನಂತೆ.

"ಬಂದು ಏನು ಹೇಳ್ತೀರಿ?" ಎಂದು ಕೇಳಿದೆ.

ನೆಲ ನೋಡಿದ.

ಅಲ್ಲೂ ನೆಲ ನೋಡಿದರೆ ನಡೆಯದು. ಆ ಆಫೀಸರ್ ಎದುರು ಇವನೇ ನಿಂತು ಹೇಳಬೇಕು, ಸಹಿ ಮಾಡಿಸಿದ್ದು ನಾನೇ ಎಂದು, ನನ್ನ ಮನೆ ಉಳಿಸಿದವನು ಅವನೇ ಎಂದು, ಆಸೆನ್‌ಗೆ ಕೇಳಿಸುವಷ್ಟು ಜೋರಾಗಿ —

ಸೆವ್ದಾ ಬಂದಳು.