ಬಾಲದ ಮೇಲೆ ಕಪ್ಪು ಬೊಟ್ಟು

ಏಪ್ರಿಲ್ 7, ಸೋಮವಾರ

ಮೊಟ್ಟೆ — ವಾಂತಿ. ಗಂಜಿ ಎರಡು ಚಮಚ — ಅದೂ ವಾಂತಿ. ಸೀಗಡಿ ಸಾರಿನ ವಾಸನೆಗೇ ಒಡಿಲ್ ಮುಖ ತಿರುಗಿಸಿದಳು. ತೂಕ ಎಂಬತ್ತಾರು ಪೌಂಡ್. ಶುಕ್ರವಾರಕ್ಕೆ ಎಂಬತ್ತೇಳಾದರೂ ಆಗದಿದ್ದರೆ ಕ್ಯಾನ್ಸರ್ ಔಷಧಿ ನಿಲ್ಲಿಸುತ್ತಾರಂತೆ, ಮೈ ತಡೆಯುವುದಿಲ್ಲವಂತೆ. ಡಾಕ್ಟರ್ ಹೇಳುತ್ತಿದ್ದಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು, ನನ್ನ ಹೆಂಡತಿಯದಲ್ಲ, ಬೇರೆ ಯಾರದೋ ಹೆಂಡತಿಯ ವಿಷಯ ಎಂಬಂತೆ.

ಸಂಜೆ ತಾನಾಗಿಯೇ ಬಾಯಿಬಿಟ್ಟಳು. "ಅಮ್ಮ ಎಣ್ಣೇಲಿ ಕರೀತಿದ್ದ ಶೂಪಿಕ್ ಉಂಡೆ ಇದ್ದಿದ್ರೆ ತಿಂತಿದ್ದೆ ಕಣೋ ಕ್ಲೋವಿಸ್."

ಶೂಪಿಕ್! ನನ್ನ ಗಾಳಕ್ಕೆ ಬಿದ್ದಾಗಲೆಲ್ಲ ಶಾಪ ಹಾಕಿ ದಡಕ್ಕೆ ಎಸೆದ ಕೆಸರು ಮೀನು. ಇರಲಿ. ನಾಳೆಯೇ.

ಏಪ್ರಿಲ್ 8

ಒಂದು ಸಿಕ್ಕಿತು. ತಲೆಗೊಂದು ಬಾರಿಸಿ ದೋಣಿಯಲ್ಲಿ ಹಾಕಿದೆ. ಮನೆಗೆ ಬರುವಷ್ಟರಲ್ಲಿ ಮಾಂಸ ಒದ್ದೆ ಹತ್ತಿಯಂತಾಗಿತ್ತು. ಒಡಿಲ್ ಉಂಡೆ ಬಾಯಿಗಿಟ್ಟು ಉಗಿದಳು, ಆಮೇಲೆ ನನಗೇ ಸಮಾಧಾನ ಹೇಳಿದಳು.

ಅವಳ ತಮ್ಮ ವಿಲ್ಬರ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಯಿಸಿ ತಂದ್ಯಾ ಭಾವ? ಬರೀ ಬಾಸ್ ಮೀನು ಹಿಡಿಯೋ ದೊಡ್ಡ ಮನುಷ್ಯ ನೀನು, ನಿನಗೇನು ಗೊತ್ತು! ಒದ್ದೆ ಗೋಣಿಯಲ್ಲಿ ಸುತ್ಕೊಂಡು ಬಾ. ಗಾಳಿ ಕುಡಿದೇ ಬದುಕಿರತ್ತೆ. ಎಣ್ಣೆ ಕಾದ ಮೇಲೆ ಕೊಯ್ಯಿ."

ನಗು ನಿಂತ ಮೇಲೆ ಮೆಲ್ಲಗೆ ಕೇಳಿದ, "ಅಕ್ಕ ಏನಾದ್ರೂ ತಿಂದ್ಲಾ?"

ಏಪ್ರಿಲ್ 10, ಗುರುವಾರ

ನಿನ್ನೆ ಬರೆಯಲು ಕೈ ಏಳಲಿಲ್ಲ. ಎರಡು ಸಲ ಶೂಪಿಕ್ ದಾರ ಕಡಿದುಕೊಂಡು ಹೋಯಿತು. ಒಂದು ಗಾಳ ನೆಟ್ಟಗಾಗಿತ್ತು.

ಇವತ್ತು ಸೈಪ್ರೆಸ್ ಮರದ ಬೊಡ್ಡೆಯ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ. ಸೀಗಡಿ ತಲೆ ಬಿಟ್ಟ ತಕ್ಷಣ ಎಳೆಯಿತು. ಅಬ್ಬಾ, ಏನು ಮೀನು! ಬಾಸ್ ಒಂದು ಸಲ ನೆಗೆದು ಚಂದ ತೋರಿಸಿ ಸೋಲುತ್ತದೆ. ಇದಕ್ಕೆ ಸೋಲುವುದೇ ಗೊತ್ತಿಲ್ಲ. ದೋಣಿಯ ಪಕ್ಕಕ್ಕೆ ತಂದೆ, ಬೊಡ್ಡೆಯ ಕೆಳಗೆ ನುಗ್ಗಿತು. ಮತ್ತೆ ತಂದೆ, ಮತ್ತೆ ನುಗ್ಗಿತು. ಮೈಯನ್ನೇ ತಿರುಚಿ ದಾರ ಸುತ್ತಿಕೊಂಡಿತು. ನನ್ನ ಹೆಬ್ಬೆರಳು ಸೀಳಿತು. ಐವತ್ತು ವರ್ಷ ಇದನ್ನು ಕಸ ಅಂದವನು ನಾನು. ನಾಚಿಕೆಯಾಯಿತು.

ಜೀವಂತ ತಂದು ಬಚ್ಚಲ ತೊಟ್ಟಿಗೆ ಬಿಟ್ಟೆ. ಒಡಿಲ್ ಗೋಡೆ ಹಿಡಿದುಕೊಂಡು ಬಂದಳು. ಬಾಲದ ಬುಡ ನೋಡಿದಳು. ಕಪ್ಪು ಬೊಟ್ಟು.

"ಗಂಡು. ಎಲ್ಲಿ ಹಿಡಿದೆ? ಅಲ್ಲಿ ಮರಿ ಇದ್ವಾ, ಕಪ್ಪಗೆ ಗುಂಪಾಗಿ?"

ಇದ್ದವು. ನೋಡಿದ್ದೆ. ತೊಟ್ಟಿಗೆ ಇನ್ನೊಂದು ಚೊಂಬು ನೀರು ಸುರಿದೆ.

"ಅಪ್ಪ ಕಣೋ ಅದು. ಮರಿ ಕಾಯ್ತಾ ಇತ್ತು. ಬಿಟ್ಟು ಬಾ."

"ನಾಳೆ ತೂಕ, ಒಡಿಲ್!"

"ಈ ತಿಂಗಳಲ್ಲಿ ಗಂಡು ಮೀನನ್ನ ನಮ್ಮಮ್ಮ ಮುಟ್ತಿರಲಿಲ್ಲ. ನನಗೆ ಗಂಟಲಲ್ಲಿ ಇಳಿಯಲ್ಲ. ಬಿಟ್ಟು ಬಾ."

ಕೂಗಾಡಿದೆ. ಕಾಯಿಲೆಯವಳ ಮೇಲೆ ಕೂಗಾಡಿದೆ. ಆಮೇಲೆ ಗೋಣಿಯಲ್ಲಿ ಸುತ್ತಿಕೊಂಡು ಹೊರಟೆ. ಬೊಡ್ಡೆಯ ಹತ್ತಿರ ಬಂದೆ. ಮರಿಗಳು ಇನ್ನೂ ಒಟ್ಟಿಗೇ ಇದ್ದವು, ಸುತ್ತ ಸಣ್ಣ ಮೀನುಗಳು ಆಗಲೇ ಕಚ್ಚಿ ಕಚ್ಚಿ ಓಡುತ್ತಿದ್ದವು. ಗೋಣಿ ಬಿಚ್ಚಿದೆ. ಅದು ಗಾಳಿ ನುಂಗುತ್ತಿತ್ತು. ನನಗೆ ಅವಳ ಭುಜದ ಮೂಳೆ ಕಂಡಂತಾಯಿತು.

ಗೋಣಿ ಮತ್ತೆ ಕಟ್ಟಿದೆ.

ಹಿತ್ತಲ ನಲ್ಲಿಯ ಹತ್ತಿರ ಕೊಯ್ದೆ. ಬಾಲ, ತಲೆ ಹೂತುಹಾಕಿದೆ. "ಬಿಟ್ಟೆ. ವಾಪಸ್ ಬರ್ತಾ ಹೆಣ್ಣು ಮೀನು ಸಿಕ್ತು" ಅಂದೆ. ನಾಲ್ಕು ಉಂಡೆ ತಿಂದಳು. ನಾಲ್ಕು! ಬೆರಳು ನೆಕ್ಕಿದಳು. "ಅದೃಷ್ಟ ನೋಡು, ಅದನ್ನ ಬಿಟ್ಟಿದ್ದಕ್ಕೇ ಇದು ಬಂತು" ಅಂದಳು.

ಏಪ್ರಿಲ್ 11, ಶುಕ್ರವಾರ

ಎಂಬತ್ತೇಳೂವರೆ. ಔಷಧಿ ಮುಂದುವರಿಯುತ್ತದೆ. ವಿಲ್ಬರ್ಟ್ ಅಕ್ಕನನ್ನು ತಬ್ಬಿಕೊಂಡು ಅತ್ತುಬಿಟ್ಟ.

ಏಪ್ರಿಲ್ 12, ಬೆಳಗ್ಗೆ

ಒಬ್ಬನೇ ಹೋಗಿ ಬಂದೆ. ಬೊಡ್ಡೆಯ ಸುತ್ತ ನೀರು ತಿಳಿ. ಒಂದು ಮರಿಯೂ ಇಲ್ಲ. ದೋಣಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆದರೂ ಬೇಕಾದರೆ ಇನ್ನೊಂದು ಹಿಡಿಯುತ್ತೇನೆ. ಇನ್ನು ಹತ್ತು ಹಿಡಿಯುತ್ತೇನೆ. ದೇವರು ನನ್ನನ್ನು ಏನಾದರೂ ಮಾಡಲಿ.

ಅದೇ ದಿನ, ಹತ್ತು ಗಂಟೆ

ಒಡಿಲ್ ತಾನೇ ಬೂಟು ಹಾಕಿಕೊಂಡಿದ್ದಾಳೆ. ಎರಡು ತಿಂಗಳಾಗಿತ್ತು ಅವಳು ಬೂಟು ಹಾಕಿ. ಮೆಟ್ಟಿಲ ಮೇಲೆ ಕೂತು ಕೂಗುತ್ತಿದ್ದಾಳೆ — "ಬಾರೋ, ದೋಣಿ ತೆಗಿ! ನಾವು ಬಿಟ್ಟ ಅಪ್ಪನ್ನ ನೋಡ್ಬೇಕು. ಮರಿ ಎಷ್ಟಾಗಿವೆ ಅಂತ ತೋರಿಸು, ಬಂದು ಎರಡು ರೊಟ್ಟಿ ತಿಂತೀನಿ."

ಎರಡು ರೊಟ್ಟಿ ಅಂದಳು. ಅವಳ ಬಾಯಿಂದಲೇ. ಹೋಗಿ ಏನು ಹೇಳಲಿ, ನೀರು ಇಳಿದಿದೆ ಅನ್ನಲೇ, ಎಂಜಿನ್ ಕೆಟ್ಟಿದೆ ಅನ್ನಲೇ, ಇಲ್ಲಾ ಒಂದೇ ಸಲ ನಿಜವನ್ನೇ —